ಹಗುರವಾದ ನೀರಾವಿ ನೆಲದ ಬಳಿಯೇ ಏಕೆ ಉಳಿಯುತ್ತದೆ?

ಪ್ರಶ್ನೆ: ನೀರಾವಿ ಗಾಳಿಗಿಂತ ಹಗುರವೆಂದು ಮಗಳ ಪಠ್ಯಪುಸ್ತಕದಲ್ಲಿ ಓದಿದೆ. ಹಾಗಿದ್ದರೆ ಅದು ಮೇಲೇರಿ ಆಕಾಶದಲ್ಲಿಯೇ ಶೇಖರವಾಗಬೇಕಲ್ಲವೇ? ನಮ್ಮಲ್ಲಿ ಅಂಗಳದ ತುಂಬ ಮಂಜು ಕವಿದಿರುತ್ತದೆ. ಏಕೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಹಗುರವೆಂಬುದು ನಿಜ. ನೀರಿನ ಅಣುವಿನ ತೂಕ 18 ಆದರೆ ಒಣಗಾಳಿಯ ಸರಾಸರಿ 29. ಆದರೆ ಸುಮಾರು 100 ಕಿಲೋಮೀಟರ್ ಎತ್ತರದವರೆಗೂ ಗಾಳಿ ಸತತವಾಗಿ ಕಲಕುತ್ತಿರುವುದರಿಂದ ಅನಿಲಗಳು ತೂಕದ ಪ್ರಕಾರ ಬೇರೆಯಾಗುವುದಿಲ್ಲ. ತೂಕವೇ ಮುಖ್ಯವಾಗಿದ್ದರೆ ಭಾರವಾದ ಇಂಗಾಲದ ಡೈಆಕ್ಸೈಡ್ ನಮ್ಮ ಕಾಲಬುಡದಲ್ಲಿ ಮಡುಗಟ್ಟಿ ನಿಲ್ಲಬೇಕಿತ್ತು.

ನೀರಾವಿಯ ಹಂಚಿಕೆಯನ್ನು ನಿರ್ಧರಿಸುವುದು ಉಷ್ಣತೆ. 30 ಡಿಗ್ರಿಯಲ್ಲಿ ಒಂದು ಘನಮೀಟರ್ ಜಾಗದಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಇರಬಲ್ಲದು. 10 ಡಿಗ್ರಿಯಲ್ಲಿ 9 ಗ್ರಾಂ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಸುಮಾರು 1 ಗ್ರಾಂ ಮಾತ್ರ. ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಉಷ್ಣತೆ ಇಳಿಯುವುದರಿಂದ, ಹೆಚ್ಚಾದ ಆವಿ ಹನಿಯಾಗಿ ಇಲ್ಲವೇ ಹಿಮದ ಹರಳಾಗಿ ಮತ್ತೆ ಕೆಳಗೆ ಬೀಳುತ್ತದೆ. ಹೀಗಾಗಿ ವಾತಾವರಣದ ಗಾಳಿಯಲ್ಲಿ ಅರ್ಧಭಾಗ ಸಮುದ್ರಮಟ್ಟದಿಂದ ಸುಮಾರು ಐದೂವರೆ ಕಿಲೋಮೀಟರ್ ಒಳಗಿದ್ದರೆ, ಆವಿಯ ಅರ್ಧಭಾಗ ಸುಮಾರು 2 ಕಿಲೋಮೀಟರಿನೊಳಗೇ ಇದೆ. ಮಡಿಕೇರಿ ಇರಲಿ, 1,748 ಮೀಟರಿನ ತಡಿಯಂಡಮೋಳ್ ಶಿಖರವೂ ಈ ಪದರದಿಂದ ಹೊರಗೆ ತಲೆ ಎತ್ತುವುದಿಲ್ಲ.

ಉಷ್ಣವಲಯದಲ್ಲಿ 16–17 ಕಿಲೋಮೀಟರ್ ಎತ್ತರದ ಗಾಳಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗಿರುತ್ತದೆ. ಅದರ ಮೇಲಿರುವ ವಾತಾವರಣದ ಪದರವಾದ ಸಮೋಷ್ಣ ಮಂಡಲಕ್ಕೆ (ಸ್ಟ್ರಾಟೋಸ್ಫಿಯರ್) ಹೋಗುವ ಗಾಳಿ ಈ ಕೊರೆಯುವ ಚಳಿಯನ್ನು ಹಾದೇ ಹೋಗಬೇಕು. ಮಳೆಗಾಲದ ಕರಾವಳಿಯ ಗಾಳಿಯಲ್ಲಿ ಹತ್ತು ಲಕ್ಷ ಅಣುಗಳಿಗೆ ಸುಮಾರು 30 ಸಾವಿರ ನೀರಿನವಾದರೆ, ಆ ಚಳಿಯನ್ನು ದಾಟಿದ ಗಾಳಿಯಲ್ಲಿ ನಾಲ್ಕೋ ಐದೋ ಉಳಿದಿರುತ್ತವೆ. ಬ್ರಿಟನ್ನಿನ ವಿಜ್ಞಾನಿ ಅಲನ್ ಬ್ರೂಯರ್ 1949ರಲ್ಲಿ ಈ ಶುಷ್ಕತೆಯನ್ನೇ ಆಧಾರವಾಗಿಟ್ಟುಕೊಂಡು, ಗಾಳಿ ಮೇಲಕ್ಕೆ ಹೋಗುವ ದಾರಿ ಉಷ್ಣವಲಯದಲ್ಲಿದೆ ಎಂದು ತರ್ಕಿಸಿದರು. ನನಗೆ ಇದು ಬಹಳ ಸುಂದರವಾದ ತರ್ಕವೆನಿಸುತ್ತದೆ.

ಇನ್ನು ಮಂಜು. ಆವಿ ಕಣ್ಣಿಗೆ ಕಾಣದು. ಕಾಣುವ ಮಂಜು ಆಗಲೇ ಹನಿಯಾದ ನೀರು. ಅರಬ್ಬೀ ಸಮುದ್ರದ ಗಾಳಿ ಘಟ್ಟವೇರುವಾಗ ಹಿಗ್ಗಿ ತಣಿಯುವುದರಿಂದ, ಕರಾವಳಿಯವರು ತಲೆಯ ಮೇಲೆ ನೋಡುವ ಮೋಡ ನಿಮ್ಮ ಅಂಗಳದಲ್ಲಿರುತ್ತದೆ. ಡಿಸೆಂಬರಿನ ಮುಂಜಾನೆ ರಾಜಾಸೀಟಿನಿಂದ ಕೆಳಗೆ ಕಣಿವೆಯಲ್ಲಿ ಕಾಣುವ ಮಂಜು ಬೇರೆ ಬಗೆಯದು. ರಾತ್ರಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ತೆಳು ಪದರ ಮೇಲಿನ ಗಾಳಿಗಿಂತ ತಂಪಾಗಿ, ಅದರಲ್ಲಿರುವ ಆವಿ ಅಲ್ಲೇ ಹನಿಗಟ್ಟುತ್ತದೆ. ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವುದು ಈ ಪದರದಿಂದ ಇಳಿಯುವ ಇಬ್ಬನಿ ತಾಗದಿರಲೆಂದೇ.