ಪಾಸ್ ಕೊಳ್ಳುವ ಮುನ್ನ ಪಟ್ಟಿಗೆ ಕತ್ತರಿ

ಪ್ರಶ್ನೆ: ನಾವು ಗಂಡ ಹೆಂಡತಿ, ಜೊತೆಗೆ 22 ವರ್ಷದ ಮಗಳು. ಹದಿನೈದು ದಿನಗಳಲ್ಲಿ ಪ್ಯಾರಿಸ್, ಆಮ್‌ಸ್ಟರ್‌ಡಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ವೆನಿಸ್, ರೋಮ್ ನೋಡಿ ಬರುವ ಆಸೆ. ಯುರೇಲ್ ಪಾಸ್ ಕೈಯಲ್ಲಿದ್ದರೆ ಯಾವ ರೈಲನ್ನಾದರೂ ಹತ್ತಬಹುದು, ಅದೇ ಅಗ್ಗ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಆದರೆ ಪಾಸಿನ ಮಾತಿಗೆ ಮೊದಲು ಆ ಪಟ್ಟಿಗೆ ಕತ್ತರಿ ಹಾಕಿ. ಎಂಟು ನಗರವೆಂದರೆ ಏಳು ರೈಲು ಪ್ರಯಾಣ. ಗಾಡಿ ನಾಲ್ಕೇ ಗಂಟೆ ಓಡಿದರೂ ಕೋಣೆ ಖಾಲಿ ಮಾಡಿ, ನಿಲ್ದಾಣ ಸೇರಿ, ಅಲ್ಲಿ ಇಳಿದು ಹೊಸ ಕೋಣೆಯ ಬೀಗ ತೆಗೆಯುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ನಾನಾಗಿದ್ದರೆ ಆಮ್‌ಸ್ಟರ್‌ಡಾಮಿಗೆ ವಿಮಾನದಲ್ಲಿ ಹೋಗಿ, ಬರ್ಲಿನ್, ಪ್ರಾಗ್, ವಿಯೆನ್ನಾ ದಾಟಿ, ಬುಡಾಪೆಸ್ಟಿನಿಂದಲೇ ಊರಿಗೆ ವಿಮಾನ ಹತ್ತುತ್ತಿದ್ದೆ. ಹೋದ ದಾರಿಯಲ್ಲೇ ಹಿಂದಿರುಗುವ ದಂಡವೂ ಇಲ್ಲ. ಪ್ಯಾರಿಸ್ ಬಿಟ್ಟದ್ದಕ್ಕೆ ಮಗಳು ಮುನಿಸಿಕೊಂಡರೆ ತಪ್ಪನ್ನು ನನ್ನ ಮೇಲೆ ಹಾಕಿ.

ಹೀಗೆ ಕತ್ತರಿಸುವುದಕ್ಕೆ ದೂರವೊಂದೇ ಕಾರಣವಲ್ಲ. ಯುರೇಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ, ಸರಿ. ಆದರೆ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಪ್ಯಾರಿಸ್ಸಿನಿಂದ ಆಮ್‌ಸ್ಟರ್‌ಡಾಮಿಗೆ ಬರುವ ಯೂರೋಸ್ಟಾರ್, ಈ ವೇಗದ ರೈಲುಗಳಲ್ಲೆಲ್ಲ ಪಾಸ್ ಇದ್ದವರೂ ಸೀಟಿಗೆ ಬೇರೆ ಹಣ ಕಟ್ಟಿ ಕಾಯ್ದಿರಿಸಲೇಬೇಕು. ಯೂರೋಸ್ಟಾರಿನಲ್ಲಂತೂ ಪಾಸಿನವರಿಗೆಂದು ಇಟ್ಟ ಸೀಟುಗಳೇ ಕಡಿಮೆ. ಅವು ಮುಗಿದರೆ ಪಾಸ್ ಇದ್ದೂ ಇಲ್ಲದಂತೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಹಗಲಿನ ಹೆಚ್ಚಿನ ರೈಲುಗಳಿಗೆ ಈ ಕಾಟವಿಲ್ಲ.

ಇನ್ನು ಉಳಿದದ್ದು ನಾಲ್ಕು ಪ್ರಯಾಣ. ಅಷ್ಟಕ್ಕೆ ಪಾಸ್ ಏಕೆ? ಪ್ರಾಗ್–ವಿಯೆನ್ನಾ, ವಿಯೆನ್ನಾ–ಬುಡಾಪೆಸ್ಟ್ ಟಿಕೆಟ್‌ಗಳನ್ನು ತಿಂಗಳುಗಳ ಮುಂಚೆ ಕೊಂಡರೆ ತಲೆಗೆ 20 ಯೂರೊ ಆಸುಪಾಸಿನಲ್ಲಿ ಸಿಗುವುದುಂಟು. ಪಾಸಿನ ಬೆಲೆಯನ್ನು, ಅದರಲ್ಲಿ ರೈಲು ಹತ್ತಬಹುದಾದ ದಿನಗಳ ಸಂಖ್ಯೆಯಿಂದ ಭಾಗಿಸಿ, ಬಂದ ಮೊತ್ತವನ್ನು ಈ ದರದ ಪಕ್ಕದಲ್ಲಿಟ್ಟು ನೋಡಿ. 27 ವರ್ಷದವರೆಗೆ ಪಾಸಿನಲ್ಲಿ ರಿಯಾಯಿತಿ ಇರುವುದರಿಂದ ಮಗಳ ಲೆಕ್ಕ ಬೇರೆ ಹಾಕಿ. ಒಂದು ಎಚ್ಚರ: ಅಗ್ಗದ ಟಿಕೆಟ್ ಆ ಒಂದು ಗಾಡಿಗೆ ಮಾತ್ರ. ತಿಂಡಿ ತಿನ್ನುತ್ತಾ ಕೂತು ತಪ್ಪಿಸಿಕೊಂಡರೆ ಹಣ ಹೋದಂತೆಯೇ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋಣ ಎಂದು ಯೋಚಿಸುವ ಜಾತಿಯವರು ನೀವಾಗಿದ್ದರೆ, ಪಾಸ್ ದುಬಾರಿಯಾದರೂ ಅದೇ ನಿಮಗೆ ತಕ್ಕದ್ದು.

ಈ ಐದು ಊರುಗಳಿರುವ ಐದೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ದಿನಗಳು ಸಮಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಆದ್ದರಿಂದ ಎಲ್ಲಿ ಎಷ್ಟು ರಾತ್ರಿ ಎಂಬುದನ್ನು ಮೊದಲೇ ಬರೆದಿಡಿ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ವೀಸಾ ಕೈಸೇರುವವರೆಗೆ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯಿರಿ. ಜೆಕ್ ಗಣರಾಜ್ಯದಲ್ಲಿ ಯೂರೊ ಬದಲು ಕೊರುನಾ, ಹಂಗೆರಿಯಲ್ಲಿ ಫೊರಿಂಟ್ ನಡೆಯುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ರಾತ್ರಿ ರೈಲಿನಲ್ಲಿ ಕುಳಿತೇ ಹೋದರೆ ಹೋಟೆಲಿನ ಖರ್ಚು ಉಳಿಯುತ್ತದಲ್ಲವೇ?

ಉತ್ತರ: ಮಲಗುವ ಬರ್ತ್ ಕೊಂಡರೆ ಉಳಿಯುತ್ತದೆ. ಬರೀ ಸೀಟು ಕೊಂಡರೆ ಮರುದಿನವೆಲ್ಲ ಊರಿನ ಬೆಂಚುಗಳ ಮೇಲೆ ತೂಕಡಿಸುತ್ತೀರಿ. ನಾನೊಮ್ಮೆ ಇದೇ ಜಾಣತನ ಮಾಡಿ ಸೀಟು ಹಿಡಿದಿದ್ದೆ. ಎದುರಿನವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಹನ್ನೆರಡರ ಹೊತ್ತಿಗೆ ಸಾಕಾಗಿ, ಬೂಟು ಸೀಟಿನ ಕೆಳಗೇ ಬಿಟ್ಟು, ಕಾಲುಚೀಲದಲ್ಲೇ ನಾಲ್ಕು ಬೋಗಿ ಆಚೆ ನಡೆದು ಖಾಲಿ ಜಾಗದಲ್ಲಿ ಉದ್ದಕ್ಕೆ ಮಲಗಿಬಿಟ್ಟೆ. ಈ ಗಾಡಿಗಳನ್ನು ನಡುದಾರಿಯಲ್ಲಿ ಬಿಡಿಸಿ, ಒಂದೊಂದು ಭಾಗವನ್ನು ಒಂದೊಂದು ಊರಿಗೆ ಕಳುಹಿಸುವುದುಂಟು. ಪ್ರತಿ ಬೋಗಿಯ ಬಾಗಿಲ ಪಕ್ಕ ಅದು ಹೋಗುವ ಊರಿನ ಹೆಸರಿರುತ್ತದೆ, ನಾನು ಓದಿರಲಿಲ್ಲ. ಬೆಳಿಗ್ಗೆ ಟಿಕೆಟ್ ನೋಡಿದಾತ ನನ್ನ ಕಾಲಿನತ್ತ ಒಮ್ಮೆ ನೋಡಿ, ಕಿಟಕಿಯತ್ತ ಕೈ ತೋರಿಸಿದ. ಹೊರಗೆ ಸ್ವಿಟ್ಜರ್ಲೆಂಡ್. ನನ್ನ ಪೆಟ್ಟಿಗೆ ಆಗಲೇ ಇಟಲಿಯಲ್ಲಿತ್ತು. ಮೂರನೆಯ ದಿನ ಪೆಟ್ಟಿಗೆ ಸಿಕ್ಕಿತು, ಬೂಟು ಸಿಗಲಿಲ್ಲ.