ಮೂಗಿಗೆ ಬೆರಳು ಹಾಕಿದ್ದಕ್ಕೂ ಪ್ರಶಸ್ತಿ!

ಪ್ರಶ್ನೆ: ಸರ್, ಎಲ್ಲರಿಗೂ ಗೊತ್ತಿರೋ ವಿಷಯದ ಮೇಲೆ ಸಂಶೋಧನೆ ಮಾಡಿದರೂ ಪ್ರಶಸ್ತಿ ಕೊಡ್ತಾರಂತೆ, ನಿಜಾನಾ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. ಇಗ್ ನೊಬೆಲ್ ಅಂತ ಅದರ ಹೆಸರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ನೊಬೆಲ್, 1991ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಮ್ಮ ಬೆಂಗಳೂರಿಗೂ ಬಂದಿದೆ ಸ್ವಾಮಿ! ನಿಮ್ಹಾನ್ಸ್‌ನ ವೈದ್ಯರಾದ ಚಿತ್ತರಂಜನ್ ಅಂದ್ರಾಡೆ ಮತ್ತು ಬಿ.ಎಸ್. ಶ್ರೀಹರಿ ನಗರದ 4 ಶಾಲೆಗಳ 200 ಮಕ್ಕಳನ್ನು ಮೂಗಿಗೆ ಬೆರಳು ಹಾಕುವ ಅಭ್ಯಾಸದ ಬಗ್ಗೆ ಕೇಳಿದರು, ಹೆಚ್ಚುಕಡಿಮೆ ಎಲ್ಲರೂ ಹೌದು ಅಂದರು, ಅದೂ ಸಾಮಾನ್ಯವಾಗಿ ದಿನಕ್ಕೆ 4 ಸಲ. 2001ರಲ್ಲಿ ಪ್ರಶಸ್ತಿ ಬಂತು. ಇದಕ್ಕೊಂದು ಸಮೀಕ್ಷೆ ಬೇಕಿತ್ತಾ ಅಂತೀರಾ? ಆದರೆ ನಾಲ್ವರಲ್ಲಿ ಒಬ್ಬರಿಗೆ ಇದರಿಂದಲೇ ಮೂಗಲ್ಲಿ ರಕ್ತ ಬಂದಿತ್ತು, ಕೇಳದೆ ಅದು ಗೊತ್ತಾಗುತ್ತಿರಲಿಲ್ಲ ಅಲ್ವಾ.

ಜಾಸ್ತಿ ನಗುವ ಮುಂಚೆ ಭೌತವಿಜ್ಞಾನಿ ಆಂದ್ರೆ ಗೈಮ್ ಅವರ ಕಥೆ ಕೇಳಿ. ಅಯಸ್ಕಾಂತದ ಬಲದಿಂದ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದಕ್ಕೆ 2000ದಲ್ಲಿ ಮೈಕೆಲ್ ಬೆರಿ ಜೊತೆ ಇಗ್ ನೊಬೆಲ್ ಪಡೆದರು. 2010ರಲ್ಲಿ ಇದೇ ಗೈಮ್ ಅವರಿಗೆ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಸಂಶೋಧನೆಗೆ ಅಸಲಿ ನೊಬೆಲ್ ಬಂತು. ಆ ಗ್ರಾಫೀನ್ ಸಿಕ್ಕಿದ್ದಾದರೂ ಹೇಗೆ? ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿಗೆ ಸುಮ್ನೆ ಟೇಪ್ ಅಂಟಿಸಿ, ಮತ್ತೆ ಮತ್ತೆ ಕಿತ್ತು!