ಸಿಡ್ ಬ್ಯಾರೆಟ್ ಹಾಡಿನ ಅರ್ಥ: ಮೊದಲು ಅವನ ಓಣಿ ನೋಡು, ಆಮೇಲೆ ಪುಸ್ತಕದ ಕಪಾಟು

ತಮ್ಮಾ, ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಮ್ ಕೇಳಿ "ಸಿಡ್ ಬ್ಯಾರೆಟ್ ಹಾಡುಗಳಿಗೆ ಅರ್ಥ ಇದೆಯಾ, ಎಲ್ಲ ನಶೆಯಲ್ಲಿ ಬರೆದದ್ದಾ" ಅಂತ ಕೇಳಿದ್ದೀಯ. ಸಿಡ್ ಅಂದರೆ ಆ ಆಲ್ಬಮ್‌ನ ಹೆಚ್ಚಿನ ಹಾಡು ಬರೆದು ಹಾಡಿದವನು. ನಶೆ ಇತ್ತು, ಸುಳ್ಳಲ್ಲ. ಆದರೆ ಎಲ್ಲಕ್ಕೂ ಅದನ್ನೇ ಕಾರಣ ಮಾಡಿದರೆ ಹಾಡು ಕೇಳುವ ಕೆಲಸವೇ ಮುಗಿದುಹೋಗುತ್ತೆ.

'ಅರ್ನಾಲ್ಡ್ ಲೇನ್' ತಗೋ. 1967ರ ಮಾರ್ಚ್‌ನಲ್ಲಿ ಬಂದ ಅವರ ಮೊದಲ ಸಿಂಗಲ್ (ಬಿಡಿಯಾಗಿ ಬಿಟ್ಟ ಹಾಡು). ಒಣಹಾಕಿದ ಹೆಂಗಸರ ಬಟ್ಟೆ ಕದಿಯುವವನ ಕಥೆ. ಕನಸಲ್ಲ ಅದು. ಕೇಂಬ್ರಿಡ್ಜ್‌ನಲ್ಲಿ ಸಿಡ್ ತಾಯಿ, ಅದೇ ತಂಡದ ರೋಜರ್ ವಾಟರ್ಸ್ ತಾಯಿ ಇಬ್ಬರೂ ಓದುವ ಹುಡುಗಿಯರಿಗೆ ರೂಮು ಬಾಡಿಗೆ ಕೊಟ್ಟಿದ್ದರು. ಹಿತ್ತಲ ಹಗ್ಗದ ಮೇಲಿನ ಒಳಉಡುಪು ನಿಜಕ್ಕೂ ಮಾಯವಾಗುತ್ತಿದ್ದವು. ಕಲಬುರಗಿಯ ಯಾವುದಾದರೂ ಮಾಳಿಗೆ ಮೇಲೆ ಹೀಗಾಗಿದ್ದರೆ ಓಣಿಗೆಲ್ಲ ಎರಡು ವಾರ ಅದೇ ಮಾತು, ಅಲ್ವಾ? ಸಿಡ್ ಅದನ್ನು ಹಾಡು ಮಾಡಿದ. ರೇಡಿಯೊ ಲಂಡನ್ ಅದನ್ನು ಹಾಕಲಿಲ್ಲ, ಅಷ್ಟೇ.

'ಮಟಿಲ್ಡಾ ಮದರ್' ವಿಷಯದಲ್ಲಿ ನಾನೇ ಎಡವಿದ್ದೆ. ಹಾಡಿನೊಳಗೆ ಮಟಿಲ್ಡಾ ಅನ್ನೋಳು ಬರೋದೇ ಇಲ್ಲ. ಅವನ ತಾಯಿ ಹೆಸರಿರಬೇಕು ಅಂತ ವರ್ಷಗಟ್ಟಲೆ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ತಾಯಿ ಹೆಸರು ವಿನಿಫ್ರೆಡ್! ಸಂಗತಿ ಏನೆಂದರೆ, ಅವನು ಮೊದಲು ಹಾಡಿದ್ದು ಹಿಲೇರ್ ಬೆಲಕ್‌ನ ಮಕ್ಕಳ ಪದ್ಯಗಳನ್ನು. 1907ರ ಪುಸ್ತಕ. ಸುಳ್ಳು ಹೇಳಿ ಹೇಳಿ ಕೊನೆಗೆ ಬೆಂಕಿಗೆ ಸಿಕ್ಕುವ ಹುಡುಗಿ ಮಟಿಲ್ಡಾ. ಹಕ್ಕುದಾರರು ಒಪ್ಪಲಿಲ್ಲ. ಅದಕ್ಕೆ ಮಾತು ಬದಲಿಸಿದ, ಹೆಸರು ಮಾತ್ರ ಉಳೀತು. ಆ ಹಳೆಯ ರೂಪ 2007ರಲ್ಲಿ ಬಂದ ಆ ಮೊದಲ ಆಲ್ಬಮ್‌ನ 40ನೇ ವರ್ಷದ ಆವೃತ್ತಿಯಲ್ಲಿದೆ. ಕೇಳು, ನಗು ಬರುತ್ತೆ.

ಹಾಗಾಗಿ ಹಾಡಿನ ಸಾಹಿತ್ಯವನ್ನು ಕೈಯಿಂದ ಬರೆದುಕೋ. ಸುಮ್ನೆ ಬಂದಂತೆ ಕಾಣುವ ಹೆಸರು, ಸಂಖ್ಯೆಗೆ ಗೆರೆ ಎಳಿ. 'ಚಾಪ್ಟರ್ 24'ರಲ್ಲಿ 24 ಯಾಕೆ? ಚೀನಾದ ಹಳೆಯ ಗ್ರಂಥ ಐ ಚಿಂಗ್‌ನ 24ನೇ ಅಧ್ಯಾಯದಿಂದ ಎತ್ತಿದ್ದು. ಆ ಮೊದಲ ಆಲ್ಬಮ್ ಹೆಸರು 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್' ಕೂಡ ಕೆನೆತ್ ಗ್ರಹಾಮ್‌ನ ಮಕ್ಕಳ ಪುಸ್ತಕದ ಒಂದು ಅಧ್ಯಾಯದ್ದೇ.

ಇನ್ನೊಂದು ಮಾತು. ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನ ಪದ ಕೇಳುತ್ತ ಬೆಳೆದ ನಮಗೆ ಒಂದು ಚಾಳಿ ಇದೆ. ಎಲ್ಲದರೊಳಗೂ ಗುಟ್ಟು ಹುಡುಕುತ್ತೇವೆ. ಬೆಡಗಿನ ವಚನದಲ್ಲಿ ಕಪ್ಪೆ ಅಂದರೆ ಕಪ್ಪೆಯಲ್ಲ, ಸರಿ. ಸಿಡ್ ಹಾಡಿನಲ್ಲಿ ಇಲಿ ಅಂದರೆ ಜಾಸ್ತಿ ಸಲ ಇಲಿಯೇ. 'ಬೈಕ್' ಕೇಳು (ನಮ್ಮ ಹೀರೋ ಹೋಂಡಾ ಅಲ್ಲ, ಬುಟ್ಟಿ ಕಟ್ಟಿದ ಸೈಕಲ್). ಹುಡುಗಿಗೆ ಒಂದೊಂದೇ ಸಾಮಾನು ತೋರಿಸ್ತಾನೆ, ಸೈಕಲ್ ಕೂಡ ಯಾರದೋ ಕಡ ತಂದದ್ದು. ಅದರಲ್ಲಿ ವೇದಾಂತ ಇಲ್ಲ.

ಶುರು ಮಾಡೋಕೆ 'ಗೋಲ್ಡನ್ ಹೇರ್' ಹಿಡಿ. 1970ರಲ್ಲಿ ಸಿಡ್ ಒಬ್ಬನೇ ಮಾಡಿದ ಆಲ್ಬಮ್ 'ದ ಮ್ಯಾಡ್‌ಕ್ಯಾಪ್ ಲಾಫ್ಸ್'ನಲ್ಲಿದೆ. ಮಾತು ಜೇಮ್ಸ್ ಜಾಯ್ಸ್‌ನ ಕವನದ್ದು, ರಾಗ ಇವನದು. ಕವನ ಪಕ್ಕದಲ್ಲಿಟ್ಟುಕೊಂಡು ಕೇಳು. ಭಾನುವಾರ ಬರುವಾಗ ಬರೆದ ಹಾಳೆ ತಾ. ಗಿಟಾರ್ ನನ್ನ ಹತ್ತಿರ ಇದೆ, ಮೂರನೇ ತಂತಿ ಮಾತ್ರ ಹರಿದಿದೆ, ಒಂದು ತಂದರೆ ಒಳ್ಳೇದು.